ಬಿಟ್ಟುಹೋದ ಎಸ್

ಜುಲೈ 2, ಗುರುವಾರ

ಅಕ್ಕಾ,

ನನಗೆ ಕೆಲಸ ಸಿಕ್ಕಿತು, ಕೆಲಸ ಸಿಕ್ಕಿತು, ಕೆಲಸ ಸಿಕ್ಕಿತು! ಮೂರು ಸಲ ಬರೆದದ್ದು ಯಾಕೆಂದರೆ ಮನೆಯಲ್ಲೂ ಮೂರು ಸಲ ಕೂಗಿದೆ. ಮೂರನೆಯ ಕೂಗಿಗೆ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದರು. "ಏನೇ ಅದು, ಹಾವಾ?" ಅಂದರು. "ಹಾವಲ್ಲ ಅತ್ತೆ, ಕೆಲಸ!" ಅಂದೆ. "ಮದುವೆಯಾಗಿ ಎರಡು ತಿಂಗಳಾಗಿಲ್ಲ, ಈ ಮನೇಲಿ ಕೆಲಸ ಕಮ್ಮಿ ಬಿತ್ತಾ ನಿಂಗೆ?" ಎಂದು ಒಳಗೆ ಹೋದರು. ಹೋದವರು ಕಿಟಕಿಯಲ್ಲಿ ತಲೆ ಹಾಕಿ ಪಕ್ಕದ ಮನೆಯವರಿಗೆ ಹೇಳಿದ್ದು ಕೇಳಿಸಿತು: "ನಮ್ಮ ಸೊಸೆ ಇಂಗ್ಲಿಷ್ ಹೇಳ್ಕೊಡ್ತಾಳೆ, ಆಫೀಸಲ್ಲಿ!"

ಟೈರ್ ಅಂಗಡಿಯ ಪಕ್ಕದ ಮೂವತ್ತೆರಡು ಮೆಟ್ಟಿಲು ಹತ್ತಿದರೆ ಮೇಲೆ 'ಸಂದೇಹ ಪರಿಹಾರ ಕೇಂದ್ರ' ಎಂಬ ಬೋರ್ಡು. ಎಲ್ಲೆಲ್ಲಿಂದಲೋ ಮಕ್ಕಳು ಇಂಗ್ಲಿಷ್ ವ್ಯಾಕರಣ, ಇಂಗ್ಲಿಷ್ ಪದ್ಯ ಅರ್ಥವಾಗದೆ ಪ್ರಶ್ನೆ ಬರೆದು ಕಳಿಸುತ್ತಾರೆ. ನಾವು ಹಳದಿ ಕಾರ್ಡಿನಲ್ಲಿ ಉತ್ತರ ಬರೆದು, 'ಪರಿಹರಿಸಲಾಗಿದೆ' ಎಂದು ಸೀಲು ಒತ್ತಿ ವಾಪಸು ಕಳಿಸಬೇಕು. ಆ ಸೀಲು ಒತ್ತುವ ಸದ್ದು ಎಷ್ಟು ಚೆನ್ನಾಗಿದೆ ಗೊತ್ತಾ, ಟಪ್! ಸಂದರ್ಶನ ಮಾಡಿದ ಮೇಲ್ವಿಚಾರಕರು ಏನು ಹೇಳಿದರೂ ಕೊನೆಗೆ "ಅಷ್ಟೇ" ಅನ್ನುತ್ತಾರೆ. "ಸೋಮವಾರದಿಂದ ಬನ್ನಿ. ಅಷ್ಟೇ." "ಲೇಟ್ ಆಗಬಾರದು. ಅಷ್ಟೇ." ಅವರಿಗೆ ಫುಲ್‌ಸ್ಟಾಪ್ ಎಂದು ಹೆಸರಿಟ್ಟು, ಮೆಟ್ಟಿಲಿಳಿಯುವಷ್ಟರಲ್ಲಿ ಇವರಿಗೂ ಹೇಳಿಬಿಟ್ಟೆ. ಇವರು ಕೆಳಗೆ ಕಾಯುತ್ತಾ ನಿಂತಿದ್ದರು, ಅರ್ಧ ದಿನ ರಜೆ ಹಾಕಿ! ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರಿಗೆ "ಈ ಅಕ್ಷರ ಕಾಣ್ಸುತ್ತಾ, ಇದು ಕಾಣ್ಸುತ್ತಾ" ಎಂದು ಕೇಳುವ ಮನುಷ್ಯ, ನನ್ನ ಮುಖ ನೋಡಿದ್ದೇ "ದೊಡ್ಡಕ್ಷರದಲ್ಲಿ ಬರೆದಿದೆ, ಕೆಲಸ ಸಿಕ್ತು ಅಂತ" ಅಂದರು. ಎಷ್ಟು ಒಳ್ಳೆಯವರು ಅಕ್ಕಾ!

ಸರಿ, ಈಗ ನಿನ್ನ ವಿಷಯ. ಇನ್ನು ಮೇಲೆ ನಿನಗೆ ಮನೆಯಲ್ಲೇ ಇಂಗ್ಲಿಷ್ ಟೀಚರ್ ಇದ್ದಾಳೆ. ಪರೀಕ್ಷೆ ಯಾವಾಗ? ದಿನಾ ಸಂಜೆ ಫೋನ್ ಮಾಡಿ ಪಾಠ ಹೇಳಿಕೊಡುತ್ತೇನೆ. ನೀನು ಮಾತ್ರ ಫೋನ್ ಎತ್ತುವುದೇ ಇಲ್ಲ, ಎತ್ತಿದರೂ "ಹೂಂ, ಹೂಂ, ಅಮ್ಮನಿಗೆ ಕೊಡ್ತೀನಿ" ಎಂದು ದಾಟಿಸಿಬಿಡುತ್ತೀಯ. ತಂಗಿ ಮದುವೆಯಾಗಿ ಹೋದದ್ದೇ ಸಾಕು, ಕಿರಿಕಿರಿ ತಪ್ಪಿತು ಅಂತಲಾ?

ನಿನ್ನ
ರೇಡಿಯೋ


ಜುಲೈ 9

ಪ್ರೀತಿಯ ರೇಡಿಯೋ,

ಕಾಗದ ಬಂತು. ಅಮ್ಮನಿಗೆ ಓದಿ ಹೇಳಿದೆ. ಸೌಟಿನ ಭಾಗ ಎರಡು ಸಲ ಓದಿಸಿದಳು. ಸಂತೋಷವಾಯಿತು. ನೀನು ನಾಲ್ಕು ವರ್ಷದವಳಿದ್ದಾಗ ಗೋಡೆಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ. ಈಗ ಅದಕ್ಕೆ ಸಂಬಳವೂ ಬರುವಂತಾಯಿತು.

ಪರೀಕ್ಷೆ ಸೆಪ್ಟೆಂಬರ್ 15ಕ್ಕೆ. ಇದು ಮೂರನೇ ಸಲ. ಈ ಸಲ ಯಾಕೆ ಆಗಲೇಬೇಕು ಎಂದು ನಿನಗೆ ಹೇಳಿರಲಿಲ್ಲ, ನಿನ್ನ ಮದುವೆ ಗಡಿಬಿಡಿಯಲ್ಲಿ ಬೇಡ ಅನ್ನಿಸಿತು. ಫ್ಯಾಕ್ಟರಿಯ ಸ್ಯಾಂಪಲ್ ರೂಮಿನಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಆರ್ಡರಿನ ಹಾಳೆ ಇಂಗ್ಲಿಷಿನಲ್ಲಿ ಬರುತ್ತದೆ, ಅದನ್ನು ಓದಿಕೊಂಡು ಮೊದಲ ಅಂಗಿ ಹೊಲಿಯಬೇಕು. ಹತ್ತನೇ ತರಗತಿಯ ಇಂಗ್ಲಿಷ್ ಪಾಸಾದವರಿಗೆ ಮಾತ್ರ. ನನಗಾಗಿ ಅಕ್ಟೋಬರ್‌ವರೆಗೆ ಕಾಯುತ್ತೇವೆ ಅಂದಿದ್ದಾರೆ, ಆಮೇಲೆ ಇನ್ನೊಬ್ಬಳಿಗೆ ಕೊಡುತ್ತಾರೆ. ಆ ಕೋಣೆಯಲ್ಲಿ ಎರಡೇ ಮಷೀನು. ಬಾಗಿಲು ಹಾಕಿದರೆ ಸದ್ದೇ ಇಲ್ಲ. ನಮ್ಮ ಲೈನಿನಲ್ಲಿ ಅರವತ್ತು ಮಷೀನು, ಹದಿನೆಂಟು ವರ್ಷದಿಂದ ಅದರ ನಡುವೆಯೇ ಕೂತಿದ್ದೇನೆ. ನನಗೆ ಆ ಕೋಣೆ ಬೇಕು.

ಫೋನಿನಲ್ಲಿ ವ್ಯಾಕರಣ ಬೇಡ. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಕಾಗದದಲ್ಲಿ ಬರೆ, ಹತ್ತು ಸಲ ಓದಿಕೊಳ್ಳುತ್ತೇನೆ.

ಮೊದಲ ಪ್ರಶ್ನೆ: 'ಎ' ಎಲ್ಲಿ ಹಾಕಬೇಕು, 'ದ' ಎಲ್ಲಿ ಹಾಕಬೇಕು? ಗೈಡಿನಲ್ಲಿ ಹನ್ನೊಂದು ನಿಯಮ ಇದೆ. ಹನ್ನೊಂದೂ ಬಾಯಿಪಾಠ ಬರುತ್ತದೆ, ಒಂದೂ ಅರ್ಥವಾಗಿಲ್ಲ.

ಅಕ್ಕ


ಜುಲೈ 14

ಅಕ್ಕಾ, ಅಕ್ಕಾ,

ಇಷ್ಟು ದೊಡ್ಡ ವಿಷಯ ಮುಚ್ಚಿಟ್ಟಿದ್ದೀಯಲ್ಲ! ನೀನು ಪಾಸಾಗುತ್ತೀಯ, ಬರೆದಿಟ್ಟುಕೋ. ಬರೆದಿಟ್ಟುಕೊಳ್ಳಲು ಕಾಗದವೇ ಇದೆ.

'ಎ' ಮತ್ತು 'ದ' ಬಹಳ ಸುಲಭ. ವಾಕ್ಯವನ್ನು ಜೋರಾಗಿ ಓದು, ಕಿವಿಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನು ಹಾಕು. ನಿಜವಾಗಿ ಅಷ್ಟೇ. ನಾನು ಶಾಲೆಯಲ್ಲಿ ಯಾವತ್ತೂ ನಿಯಮ ಕಲಿತಿಲ್ಲ. ತಪ್ಪು ಬಂದರೆ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ, ಆಗ ಬದಲಾಯಿಸುತ್ತೇನೆ.

ನಿಜ ಹೇಳಬೇಕೆಂದರೆ ಇದೇ ಉತ್ತರ ಬರೆದು ನಿನ್ನೆ ಬೈಸಿಕೊಂಡೆ. "ಮೇಡಂ, ಕಿವಿ ಅಂತ ಕಾರ್ಡಲ್ಲಿ ಬರೀಬೇಡಿ. ನಿಯಮ ಬರೀರಿ. ಐದು ಸಾಲು ಮೀರಬೇಡಿ. ಅಷ್ಟೇ." ಐದು ಸಾಲು ಅಕ್ಕಾ! ಹನ್ನೆರಡು ವರ್ಷದ ಮಗು ಎರಡು ಪುಟ ಬರೆದು 'ನನಗೆ ಯಾವುದೂ ತಿಳಿಯುತ್ತಿಲ್ಲ' ಎಂದು ಕೇಳುತ್ತದೆ, ನಾನು ಐದು ಸಾಲಿನಲ್ಲಿ ಟಪ್ ಅನ್ನಿಸಬೇಕು. ದಿನಕ್ಕೆ ಅರವತ್ತು ಕಾರ್ಡು. ಪಕ್ಕದ ಮೇಜಿನಾಕೆ ಹಳೆಯ ಉತ್ತರಗಳ ಕಡತದಿಂದ ನೋಡಿ ನೋಡಿ ಇಳಿಸುತ್ತಾಳೆ, ಮೂರು ಗಂಟೆಗೆ ಮುಗಿಸಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾಳೆ. ನಾನು ಮಾತ್ರ ಪೆನ್ನು ಕಚ್ಚುತ್ತಾ ಕೂತಿರುತ್ತೇನೆ. ಇಂಗ್ಲಿಷ್ ಗೊತ್ತಿರುವುದು ಬೇರೆ, ಯಾಕೆ ಹಾಗೆ ಎಂದು ಹೇಳುವುದು ಬೇರೆಯಂತೆ. ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ?

ಇವರಿಗೆ ಇದೆಲ್ಲ ಹೇಳಿಲ್ಲ. ಇವರು ಅಂಗಡಿಗೆ ಬಂದವರಿಗೆಲ್ಲ "ನಮ್ಮನೆಯವಳು ಇಂಗ್ಲಿಷ್ ಪಂಡಿತೆ" ಅನ್ನುತ್ತಾರೆ.

ನಿನ್ನ
ರೇಡಿಯೋ


ಜುಲೈ 21

ರೇಡಿಯೋ,

ಕಿವಿಯ ಮಾತು ಬಿಡು. ನಿನ್ನ ಕಿವಿ ಬೇರೆ, ನನ್ನ ಕಿವಿ ಬೇರೆ.

'ಎ' ಮತ್ತು 'ದ' ನಾನೇ ಕಂಡುಕೊಂಡೆ. ಥಾನಿನಿಂದ ಒಂದು ತುಂಡು ಬಟ್ಟೆ ಕೊಡು ಅಂದರೆ ಯಾವ ತುಂಡಾದರೂ ಸರಿ. ಅದು 'ಎ'. ಆ ತುಂಡಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದ ಮೇಲೆ ಅದೇ ತುಂಡು ಬೇಕು, ಬೇರೆ ಕೊಟ್ಟರೆ ತೋಳು ಕೂರುವುದಿಲ್ಲ. ಅದು 'ದ'. ಕೇಳುವವರಿಗೂ ಹೇಳುವವರಿಗೂ ಗುರುತು ಗೊತ್ತಿದ್ದರೆ 'ದ', ಇಲ್ಲದಿದ್ದರೆ 'ಎ'. ಹೀಗೆ ನೋಡಿಕೊಂಡು ಗೈಡಿನ ಇಪ್ಪತ್ತು ವಾಕ್ಯ ಮಾಡಿದೆ, ಹದಿನೆಂಟು ಸರಿ ಬಂತು. ಸರಿಯೋ ತಪ್ಪೋ ನೀನೇ ಹೇಳು.

ಇನ್ನೊಂದು. ಪಠ್ಯದಲ್ಲಿ ದೋಣಿಯವನ ಪದ್ಯ ಇದೆ. ನದಿಯ ಈಚೆ ದಡದಲ್ಲಿ ಜನ ನಿಂತು ಕೂಗುತ್ತಾರೆ, ಅವನು ತಿರುಗಿ ನೋಡದೆ ಹುಟ್ಟು ಹಾಕುತ್ತಾ ಹೋಗುತ್ತಾನೆ. 'ದೋಣಿಯವನು ಯಾಕೆ ತಿರುಗಿ ನೋಡಲಿಲ್ಲ?' ಇದು ಪ್ರತಿ ಸಲ ಬರುವ ಪ್ರಶ್ನೆ, ಐದು ಅಂಕ. ಏನು ಬರೆಯಲಿ?

ನಿನ್ನ ಕಾರ್ಡಿನ ಸೀಲು ಕರ್ಮಣಿ ಪ್ರಯೋಗ. 'ಪರಿಹರಿಸಲಾಗಿದೆ.' ಯಾರು ಪರಿಹರಿಸಿದರು ಎಂದು ಅದು ಹೇಳುವುದಿಲ್ಲ. ಜಾಣ ಸೀಲು.

ಅಕ್ಕ


ಜುಲೈ 30

ಅಕ್ಕಾ,

ತಡವಾಯಿತು, ಬೈಯಬೇಡ. ನಿನ್ನ ಚಾಕಿನ ಗುರುತು ಸರಿಯಾಗಿಯೇ ಇದೆ, ಹಾಗೆಯೇ ಮಾಡು. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ದೋಣಿಯವನು: 'ದೋಣಿಯು ಜೀವನದ ಸಂಕೇತ. ದೋಣಿಯವನು ಲೋಕದ ಮೋಹವನ್ನು ತೊರೆದಿರುವುದರಿಂದ ತಿರುಗಿ ನೋಡುವುದಿಲ್ಲ.' ನಮ್ಮ ಕಡತದ ಉತ್ತರ ಇದು. ಕಣ್ಣು ಮುಚ್ಚಿ ಬರೆ, ಐದಕ್ಕೆ ಐದು.

ಇಲ್ಲಿ ಎಲ್ಲ ಚೆನ್ನಾಗಿದೆ. ಅಂದರೆ, ಇವರು ಚೆನ್ನಾಗಿದ್ದಾರೆ, ಅತ್ತೆಯೂ ಚೆನ್ನಾಗಿದ್ದಾರೆ. ನಿನ್ನೆ ನಾನು ಆಫೀಸಿನಿಂದ ಬಂದು ಸುಮ್ಮನೆ ಕೂತಿದ್ದಕ್ಕೆ ಅತ್ತೆ ಬಂದು ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ. ಮತ್ಯಾಕೆ ಬಾಯಿ ಮುಚ್ಚಿದೆ?" ಅಂದರು. ಏನು ಹೇಳಲಿ? ಒಂದು ಹುಡುಗಿ ಒಂದೇ ಪ್ರಶ್ನೆಯನ್ನು ಮೂರು ಸಲ ಕಳಿಸಿದ್ದಾಳೆ, ಮೂರು ಸಲವೂ ನಾನು ಅದೇ ಐದು ಸಾಲು ಬರೆದಿದ್ದೇನೆ. ನಾಲ್ಕನೆಯ ಸಲ ಅವಳು ಪ್ರಶ್ನೆಯನ್ನೇ ಕಳಿಸಲಿಲ್ಲ. ಫುಲ್‌ಸ್ಟಾಪ್ ಖುಷಿಯಾಗಿ, "ನೋಡಿದ್ರಾ, ಅರ್ಥ ಆಯ್ತು ಅವಳಿಗೆ. ಅಷ್ಟೇ" ಅಂದರು. ಅವಳಿಗೆ ಅರ್ಥವಾಗಲಿಲ್ಲ ಅಕ್ಕಾ, ಬೇಸರವಾಯಿತು.

ಹೋಗಲಿ. ನೀನು ಹಿಂದಿನ ಸಲ ಯಾವುದರಲ್ಲಿ ಅಂಕ ಕಳೆದುಕೊಂಡೆ? ಹಳೆಯ ಉತ್ತರ ಪತ್ರಿಕೆಯ ನಕಲು ಕಳಿಸು. ಅಲ್ಲಿಂದ ಹಿಡಿಯೋಣ.

ರೇಡಿಯೋ


ಆಗಸ್ಟ್ 6

ರೇಡಿಯೋ,

ನಕಲು ಇದರ ಜೊತೆ ಇದೆ. ವ್ಯಾಕರಣಕ್ಕೆ ನಲವತ್ತಕ್ಕೆ ಮೂವತ್ತೊಂದು. ಪದ್ಯ, ಗದ್ಯಕ್ಕೆ ನಲವತ್ತಕ್ಕೆ ಇಪ್ಪತ್ತನಾಲ್ಕು. ಉಕ್ತಲೇಖನಕ್ಕೆ ಇಪ್ಪತ್ತಕ್ಕೆ ಎರಡು. ಅದರಲ್ಲಿ ಏಳು ಬರದಿದ್ದರೆ ಉಳಿದದ್ದರಲ್ಲಿ ಎಷ್ಟು ಬಂದರೂ ಫೇಲು. ಎರಡು ಸಲವೂ ಹಾಗೇ ಆಗಿದೆ. ಪರೀಕ್ಷಕರು ಕೋಣೆಯ ಮುಂದೆ ನಿಂತು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಓದುತ್ತಾರೆ, ನಾವು ಕೇಳಿ ಬರೆಯಬೇಕು. ನನ್ನ ನಂಬರು ಹಿಂದಿನ ಸಾಲಿನಲ್ಲಿ ಬರುತ್ತದೆ.

ನಿನ್ನ ದೋಣಿಯವನ ಉತ್ತರ ಓದಿದೆ. ನನಗೆ ಒಪ್ಪಿಗೆಯಾಗಲಿಲ್ಲ. ಮೋಹ ತೊರೆದವನು ಹುಟ್ಟನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿಯುತ್ತಾನೆ? ಮೂರನೇ ಸಾಲಿನಲ್ಲಿ ಇದೆ, ಓದಿ ನೋಡು. ಅವನು ಇಡೀ ಜೀವನ ನೀರಿನ ಭೋರ್ಗರೆತದ ಪಕ್ಕದಲ್ಲಿ ಕಳೆದವನು. ಅವನಿಗೆ ಕೂಗು ಕೇಳಿಸಿರಲಿಕ್ಕಿಲ್ಲ. ಅಷ್ಟೇ ಇರಬಹುದು. ಜನ ಮಾತ್ರ, ನೋಡು ಎಷ್ಟು ಸೊಕ್ಕು ಅಂದುಕೊಳ್ಳುತ್ತಾರೆ.

ನಾನು ಹೀಗೆ ಬರೆದರೆ ಅಂಕ ಕೊಡುತ್ತಾರಾ?

ಅಕ್ಕ


ಆಗಸ್ಟ್ 11

ಅಕ್ಕಾ,

ಇಲ್ಲ, ಕೊಡುವುದಿಲ್ಲ! ಸೊನ್ನೆ ಕೊಡುತ್ತಾರೆ! ಪದ್ಯದಲ್ಲಿ ಎಲ್ಲಿದೆ ಅವನಿಗೆ ಕೇಳಿಸಲಿಲ್ಲ ಅಂತ? ಕಡತದ ಉತ್ತರ ಬರೆದರೆ ಐದಕ್ಕೆ ಐದು ಎಂದು ಹೇಳಿದೆನಲ್ಲ, ನಿನಗೆ ಪಾಸಾಗಬೇಕೋ ದೋಣಿಯವನ ವಕಾಲತ್ತು ವಹಿಸಬೇಕೋ?

ಉಕ್ತಲೇಖನ ನೋಡಿದೆ. ಮೂಲ ಪಾಠ ನಮ್ಮ ಆಫೀಸಿನಲ್ಲೇ ಇತ್ತು, ಪಕ್ಕದಲ್ಲಿಟ್ಟುಕೊಂಡು ಹೋಲಿಸಿದೆ. ಮೊದಲ ಸಾಲು, 'ಎ ಫಾರ್ಮರ್ ಕೀಪ್ಸ್ ಸಿಕ್ಸ್ ಶೀಪ್ ಇನ್ ಎ ನೈಸ್ ಪ್ಲೇಸ್.' ನೀನು ಬರೆದದ್ದು, 'ಎ ಫಾರ್ಮರ್ ಕೀಪ್ ಸಿಕ್ ಶೀಪ್ ಇನ್ ಎ ನೈಟ್ ಪ್ಲೇ.' ರೈತ ಒಳ್ಳೆಯ ಜಾಗದಲ್ಲಿ ಆರು ಕುರಿ ಸಾಕಿದ್ದ. ನಿನ್ನ ಕೈಗೆ ಸಿಕ್ಕಿ ಆರೂ ಕಾಯಿಲೆ ಬಿದ್ದು ರಾತ್ರಿ ನಾಟಕಕ್ಕೆ ಹೋದವು! ಓದಿ ಹೇಳಿದ್ದಕ್ಕೆ ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ಪ್ರತಿ ಸಾಲಿನಲ್ಲೂ ಇದೇ ಕಥೆ. ಎಸ್ ಇಲ್ಲ, ಎಸ್ ಇಲ್ಲ, ಎಸ್ ಇಲ್ಲ. ಒಬ್ಬನೇ ಕರ್ತೃ ಆದರೆ ಕ್ರಿಯಾಪದಕ್ಕೆ ಎಸ್, ಬಹುವಚನಕ್ಕೆ ಎಸ್. ಇದು ಐದನೇ ಕ್ಲಾಸಿನ ಪಾಠ. ನಿನಗೆ ಎಷ್ಟು ಸಲ ಹೇಳುವುದು? ಕಿವುಡರ ಮುಂದೆ ಶಂಖ ಊದಿದ ಹಾಗೆ ಆಯಿತು!

ಇನ್ನೂ ಒಂದು. ಅಮ್ಮ ಫೋನಿನಲ್ಲಿ ದೂರು ಹೇಳಿದಳು. "ನಿಮ್ಮಕ್ಕನಿಗೆ ಈಗೀಗ ಕೊಬ್ಬು ಜಾಸ್ತಿ ಆಗಿದೆ ಕಣೇ. ಹಿಂದಿಂದ ಹತ್ತು ಸಲ ಕರೆದ್ರೂ ತಿರುಗಿ ನೋಡಲ್ಲ. ಸ್ಯಾಂಪಲ್ ರೂಮ್ ಸಿಗೋಕ್ಮುಂಚೆನೇ ಮಹಾರಾಣಿ" ಅಂದಳು. ಆ ಕೆಲಸ ಬೇಕು ಎಂದು ನೀನೇ ಬರೆದೆ. ಬೇಕಾದವರು ಹೀಗೆ ಹಟ ಮಾಡುತ್ತಾರಾ?

ನನಗೆ ಸಾಕಾಗಿದೆ. ಮೊನ್ನೆ ಒಂದು ಕಾರ್ಡಿಗೆ ಹನ್ನೊಂದು ಸಾಲು ಬರೆದಿದ್ದಕ್ಕೆ ಎಲ್ಲರೆದುರು ಓದಿಸಿ, ಆರನೇ ಸಾಲಿನಿಂದ ಕೆಳಗೆ ಕತ್ತರಿಯಲ್ಲಿ ಕತ್ತರಿಸಿದರು. ಹಾಗಾಗಿ ನಿನಗೂ ಇನ್ನು ಉದ್ದ ಕಾಗದ ಇಲ್ಲ. ಆಫೀಸಿನ ಕಾರ್ಡನ್ನೇ ಲಗತ್ತಿಸಿದ್ದೇನೆ. ಎಸ್ ಬಗ್ಗೆ ಐದು ಸಾಲು. ಗೋಡೆಗೆ ಅಂಟಿಸಿಕೊಂಡು ದಿನಾ ನೂರು ಸಲ ಬರೆ.

ರೇಡಿಯೋ


ಆಗಸ್ಟ್ 24

ತಂಗಿಗೆ,

ಕಾರ್ಡು ತಲುಪಿತು. ಐದು ಸಾಲೂ ಓದಿದೆ. ಐದೂ ನನಗೆ ಮೊದಲೇ ಗೊತ್ತಿತ್ತು.

ಕೆಳಗೆ 'ಪರಿಹರಿಸಲಾಗಿದೆ' ಎಂದು ಸೀಲು ಬಿದ್ದಿದೆ. ಕರ್ತೃ ಯಾರು ಎಂದು ಹುಡುಕಿದೆ, ವಾಕ್ಯದಲ್ಲಿ ಇಲ್ಲ.

ಈ ಸಲ ನಾನು ಪರೀಕ್ಷೆಗೆ ಕೂರುವುದಿಲ್ಲ. ಹಾಲ್ ಟಿಕೆಟ್ ಬಂದಿದೆ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಸ್ಯಾಂಪಲ್ ರೂಮಿಗೆ ನಮ್ಮ ಲೈನಿನ ಇನ್ನೊಬ್ಬ ಹುಡುಗಿ ಹೋಗಲಿ, ಅವಳದು ಚಿಕ್ಕ ವಯಸ್ಸು. ನಾನು ಲೈನಿನಲ್ಲೇ ಇರುತ್ತೇನೆ. ಅಲ್ಲಿ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ, ಆದ್ದರಿಂದ ತೊಂದರೆಯಿಲ್ಲ.

ನಿನ್ನ ಗಾದೆಯಲ್ಲಿ ತಪ್ಪೇನೂ ಇಲ್ಲ.

ನಿಮ್ಮ ಯಜಮಾನರಿಗೆ, ಅತ್ತೆಯವರಿಗೆ ನಮಸ್ಕಾರ ತಿಳಿಸು.

ಅಕ್ಕ


ಆಗಸ್ಟ್ 28

ಅಕ್ಕಾ,

ಕೋಪಾನಾ? ಕುರಿ ತಮಾಷೆಗೆ ಇಷ್ಟು ಕೋಪಾನಾ? 'ತಂಗಿಗೆ' ಎಂದು ಬರೆದಿದ್ದೀಯಲ್ಲ, ರೇಡಿಯೋ ಎಲ್ಲಿ ಹೋಯಿತು? ಎರಡು ಸಲ ಫೋನ್ ಮಾಡಿದೆ, ನೀನು "ಹೂಂ, ಸರಿ" ಎಂದು ಅಮ್ಮನಿಗೆ ಕೊಟ್ಟೆ. ನಾನು ಕೇಳಿದ್ದು 'ಪರೀಕ್ಷೆ ಯಾಕೆ ಬಿಡ್ತೀಯ' ಎಂದು. ಅದಕ್ಕೆ "ಹೂಂ, ಸರಿ" ಎಂಬುದು ಉತ್ತರವಾ? ಬೈಯುವುದಿದ್ದರೆ ಬೈದುಬಿಡು, ಹೀಗೆ ಬಾಗಿಲು ಹಾಕಿಕೊಳ್ಳಬೇಡ.

ರೇಡಿಯೋ


ಸೆಪ್ಟೆಂಬರ್ 5, ಶನಿವಾರ

ಅಕ್ಕಾ,

ಇದನ್ನು ನಿಂತುಕೊಂಡು ಓದಬೇಡ, ಕೂತುಕೋ. ಉದ್ದ ಇದೆ. ಐದು ಸಾಲಿನಲ್ಲಿ ಆಗುವುದಿಲ್ಲ.

ಪರೀಕ್ಷೆಗಳು ಹತ್ತಿರ ಬಂದವಲ್ಲ, ಮಕ್ಕಳಿಗೆ ಉಕ್ತಲೇಖನದ ಅಭ್ಯಾಸ ಹಾಳೆ ಮಾಡಿಕೊಂಡು ಬನ್ನಿ ಎಂದು ಫುಲ್‌ಸ್ಟಾಪ್ ಹೇಳಿದ್ದರು. ಎಷ್ಟು ವೇಗವಾಗಿ ಓದಿದರೆ ಬರೆಯಲು ಆಗುತ್ತದೆ ಎಂದು ನೋಡಬೇಕಿತ್ತು. ಇವತ್ತು ಮಧ್ಯಾಹ್ನ ಇವರ ಕೈಗೆ ಹಳೆಯ ಪಾಠಗಳ ಕಟ್ಟು ಕೊಟ್ಟು, "ಯಾವುದಾದರೂ ಒಂದನ್ನ ಓದಿ, ನನಗೆ ತೋರಿಸಬೇಡಿ" ಅಂದೆ. ಇವರು ಹಾಲಿನಲ್ಲಿ ಕೂತು ಹಾಳೆಗೆ ಮುಖ ಕೊಟ್ಟು ಓದುತ್ತಿದ್ದರು. ನಾನು ಬಚ್ಚಲುಮನೆ ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬಟ್ಟೆ ಒಗೆಯುವ ಮಷೀನ್ ಹಾಕಿದರು. ಅದು ಗಿರ್ರೆಂದು ತಿರುಗತೊಡಗಿತು. ನಾನು ನಿಲ್ಲಿಸಲಿಲ್ಲ, ಇಂಗ್ಲಿಷ್ ಪಂಡಿತೆ ನೋಡು, ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡು ಹೋದೆ.

ಆಮೇಲೆ ಇವರು ತಿದ್ದಿದರು. ಹತ್ತು ಸಾಲಿನಲ್ಲಿ ಹದಿನಾಲ್ಕು ತಪ್ಪು. ನನ್ನದು! 'ಷಿ ಲೈಕ್ಸ್ ದ ಗ್ರೇಪ್ಸ್, ಬಟ್ ದ ಪ್ರೈಸ್ ಈಸ್ ಹೈ' ಎಂದು ಇವರು ಓದಿದ್ದು. ಅವಳಿಗೆ ದ್ರಾಕ್ಷಿ ಇಷ್ಟ, ಆದರೆ ಬೆಲೆ ಹೆಚ್ಚು. ನಾನು ಬರೆದದ್ದು, 'ಷಿ ಲೈಕ್ ದ ಗ್ರೇಪ್, ಬಟ್ ದ ಪ್ರೈಡ್ ಈಸ್ ಹೈ.' ಬೆಲೆ ಹೋಗಿ ಕೊಬ್ಬು ಹೆಚ್ಚು ಎಂದಾಗಿತ್ತು.

"ಏನ್ ಮೇಡಂ, ಇಂಗ್ಲಿಷ್ ಮೀಡಿಯಂ? ಎಸ್‌ಗಳೆಲ್ಲ ಎಲ್ಲಿಗೆ ಹೋದ್ವು?" ಎಂದು ಇವರು ನಕ್ಕರು.

"ನಂಗೇನು ಎಸ್ ಬರಲ್ವಾ? ಮಷೀನ್ ಸದ್ದಲ್ಲಿ ಕೇಳಿಸ್ಲಿಲ್ಲ ಕಣ್ರೀ" ಅಂದೆ.

ಅಕ್ಕಾ, ನನ್ನ ಬಾಯಿಂದಲೇ ಬಂತು ಅದು.

ನಿನ್ನ ಕಾಗದಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿಕೊಂಡೆ. ನಿನ್ನ ಉತ್ತರ ಪತ್ರಿಕೆಯ ವ್ಯಾಕರಣದ ಭಾಗ ಒಂದು ಕಡೆ, ಉಕ್ತಲೇಖನ ಇನ್ನೊಂದು ಕಡೆ. ನೀನೇ ಯೋಚಿಸಿ ಬರೆದ ವಾಕ್ಯಗಳಲ್ಲಿ ಒಂದು ಎಸ್ ಕೂಡ ತಪ್ಪಿಲ್ಲ. ಇನ್ನೊಬ್ಬರು ಓದಿ ಬರೆಸಿದ್ದರಲ್ಲಿ ಮಾತ್ರ ಒಂದೂ ಉಳಿದಿಲ್ಲ. ಐದನೇ ಕ್ಲಾಸಿನ ಪಾಠ ಎಂದು ನಿನಗೆ ಬರೆದೆನಲ್ಲ, ಐದನೇ ಕ್ಲಾಸಿನ ಮಗು ಹೋಲಿಸಿ ನೋಡಿದ್ದರೂ ತಿಳಿಯುತ್ತಿತ್ತು. ನೀನು ಫೋನ್ ಬೇಡ, ಕಾಗದ ಬರೆ ಅಂದೆ. ಕಿವಿಯ ಮಾತು ಬಿಡು ಅಂದೆ. ಬಾಗಿಲು ಹಾಕಿದರೆ ಸದ್ದಿಲ್ಲದ ಕೋಣೆ ಬೇಕು ಅಂದೆ. ಪುಸ್ತಕದಲ್ಲಿ ಮುಖ ಹುದುಗಿಸಿ ಓದುತ್ತಾರೆ, ನಾನು ಹಿಂದಿನ ಸಾಲು ಅಂದೆ. ದೋಣಿಯವನ ಕಥೆಯನ್ನೇ ಬರೆದೆ, ನಾನು ಸೊನ್ನೆ ಕೊಟ್ಟೆ.

ಅಮ್ಮನಿಗೆ ಫೋನ್ ಮಾಡಿ, "ಅಕ್ಕನ ಎದುರಿಗೆ ನಿಂತು ಮಾತಾಡಿದ್ರೆ?" ಎಂದು ಕೇಳಿದೆ. "ಎದುರಿಗೆ ನಿಂತ್ರೆ ಎಲ್ಲದಕ್ಕೂ ಉತ್ತರ ಕೊಡ್ತಾಳೆ, ಬಾಯಿನೇ ನೋಡ್ತಾ ಇರ್ತಾಳೆ. ಬೆನ್ನ ಹಿಂದಿಂದ ಕರೆದ್ರೆ ಮಾತ್ರ ಕೊಬ್ಬು" ಅಂದಳು. ಆಮೇಲೆ ಅವಳೇ "ಅಯ್ಯೋ" ಅಂದಳು. ಫೋನ್ ಇಟ್ಟುಬಿಟ್ಟಳು.

ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಅವಳು ಅಂದದ್ದು ಗೊತ್ತಿಲ್ಲದೆ. ನಾನು ಶಂಖದ ಗಾದೆ ಬರೆದು, ಸೀಲು ಒತ್ತಿ, ಅಂಚೆಗೆ ಹಾಕಿ ಬಂದೆ. ನೀನು ಹದಿನೆಂಟು ವರ್ಷ ಆ ಅರವತ್ತು ಮಷೀನುಗಳ ನಡುವೆ ಕೂತದ್ದು ಯಾವಾಗಿನಿಂದ ಎಂದು ಲೆಕ್ಕ ಹಾಕಿದೆ. ನಿನ್ನ ಸಂಬಳದಲ್ಲಿ ನನ್ನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ವರ್ಷದಿಂದ. ನಿನ್ನ ಕಿವಿ ಹೋಗಿ ನನ್ನ ಕಿವಿ ಬಂತು. ಅಂಥವಳಿಗೆ ನಾನು 'ಕಿವಿಗೆ ಸರಿ ಅನ್ನಿಸಿದ್ದನ್ನು ಹಾಕು' ಎಂದು ಪಾಠ ಹೇಳಿದೆ. ಕ್ಷಮಿಸು ಎಂದು ಬರೆದರೆ ಚಿಕ್ಕದಾಗುತ್ತದೆ, ಬರೆಯದಿದ್ದರೆ ಸೊಕ್ಕಾಗುತ್ತದೆ. ಕ್ಷಮಿಸು.

ಇನ್ನೊಂದು ಕಳ್ಳತನವನ್ನೂ ಹೇಳಿಬಿಡುತ್ತೇನೆ. ಚಾಕಿನ ಗುರುತು, ಥಾನು, ತೋಳು ಎಂದು ನೀನು ಬರೆದದ್ದನ್ನು ನಾನು ಹಾಗೇ ಕಾರ್ಡಿನಲ್ಲಿ ಬರೆದೆ. ಐದೇ ಸಾಲಾಯಿತು. ಫುಲ್‌ಸ್ಟಾಪ್ ಅದನ್ನು 'ವಾರದ ಉತ್ತರ' ಎಂದು ಬೋರ್ಡಿಗೆ ಅಂಟಿಸಿದರು, ಕೆಳಗೆ ನನ್ನ ಹೆಸರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ಆಫೀಸಿನಲ್ಲಿ ನಾನು ಬರೆದದ್ದರಲ್ಲಿ ಮಕ್ಕಳಿಗೆ ಅರ್ಥವಾದದ್ದು ಅದೊಂದೇ, ಅದೂ ನಿನ್ನದು.

ಅಕ್ಕ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಇವರನ್ನು ಕೇಳಿದೆ, ನಿನ್ನನ್ನು ಕೇಳಲು ಮುಖವಿಲ್ಲದೆ. ಇವರು ಹೇಳಿದರು: "ಕಣ್ಣು ಕಾಣಲ್ಲ ಅಂದ್ರೆ ಕನ್ನಡಕ ಹಾಕಿಸ್ತಾರೆ, ಕಿವಿ ಕೇಳಲ್ಲ ಅಂದ್ರೆ ನಗ್ತಾರೆ. ಯಾರು ಹೇಳ್ಕೋತಾರೆ? ಮೇಲಾಗಿ ಫ್ಯಾಕ್ಟರಿಯವರಿಗೆ ಗೊತ್ತಾದ್ರೆ ಲೈನಿಂದಾನೂ ತೆಗೀತಾರೆ ಅನ್ನೋ ಭಯ ಇರುತ್ತೆ." ಕುರಿಗೆ ಹೊಟ್ಟೆ ಹಿಡಿದು ನಕ್ಕ ಮನುಷ್ಯ ಈಗ ನಿನ್ನ ಮುಖ ನೋಡಲು ನಾಚಿಕೆ ಎಂದು ಕೂತಿದ್ದಾರೆ.

ಈಗ ಕೆಲಸದ ಮಾತು. ಪೆಟ್ಟಿಗೆಯಿಂದ ಹಾಲ್ ಟಿಕೆಟ್ ತೆಗೆ. ಹಿಂಭಾಗದಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಹದಿನಾಲ್ಕು ಸೂಚನೆಗಳಿವೆ. ನಮ್ಮ ಆಫೀಸಿನಲ್ಲಿ ಮಾದರಿ ಇತ್ತು, ಓದಿದೆ. ಒಂಬತ್ತನೆಯದು: 'ಶ್ರವಣದ ತೊಂದರೆ ಇರುವ ಅಭ್ಯರ್ಥಿಗೆ ಉಕ್ತಲೇಖನವನ್ನು ಪ್ರತ್ಯೇಕ ಕೋಣೆಯಲ್ಲಿ, ಎದುರು ಕುಳಿತು, ನಿಧಾನವಾಗಿ ಓದಿ ಹೇಳಲಾಗುವುದು. ವೈದ್ಯರ ಪತ್ರದೊಂದಿಗೆ ಪರೀಕ್ಷೆಗೆ ಮೂರು ದಿನ ಮುಂಚೆ ಅರ್ಜಿ ಸಲ್ಲಿಸುವುದು.' ಮತ್ತೆ ಕರ್ಮಣಿ ಪ್ರಯೋಗ, ಯಾರು ಓದಿ ಹೇಳುತ್ತಾರೆ ಎಂದು ಬರೆದಿಲ್ಲ! ಆದರೆ ಓದುತ್ತಾರೆ. ಅರ್ಜಿ ಹೋಗುವುದು ಪರೀಕ್ಷಾ ಕೇಂದ್ರಕ್ಕೆ, ಫ್ಯಾಕ್ಟರಿಗಲ್ಲ. ಫ್ಯಾಕ್ಟರಿಗೆ ಯಾವಾಗ ಹೇಳಬೇಕು, ಹೇಳಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು. ನನ್ನ ಬಾಯಿಂದ ಬರುವುದಿಲ್ಲ. ರೇಡಿಯೋಗೂ ಆಫ್ ಮಾಡುವ ಗುಂಡಿ ಇರುತ್ತದೆ.

ಎದುರು ಕೂತು ಓದಿದರೆ ಏನು ಪ್ರಯೋಜನ ಅನ್ನಬೇಡ. ನಾನು ಕನ್ನಡಿ ಮುಂದೆ ಒಂದು ಗಂಟೆ ನಿಂತು ನೋಡಿದೆ. (ಅತ್ತೆ ಎರಡು ಸಲ ಹಣೆ ಮುಟ್ಟಿ ಹೋದರು.) 'ಸಿಕ್' ಅಂದರೆ ಬಾಯಿ ತೆರೆದೇ ಉಳಿಯುತ್ತದೆ. 'ಸಿಕ್ಸ್' ಅಂದರೆ ಕೊನೆಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹತ್ತಿರ ಬಂದು ಕೂಡುತ್ತದೆ, ಎರಡು ಅಂಚು ಸೇರಿಸಿ ಹೊಲಿದ ಹಾಗೆ. ಕಣ್ಣಿಗೆ ಕಾಣುತ್ತದೆ ಅಕ್ಕಾ, ಎಸ್ ಕಣ್ಣಿಗೆ ಕಾಣುತ್ತದೆ! ಅರ್ಧ ನೂಲು ಆಚೀಚೆಯಾದರೂ ಹಿಡಿಯುವ ಕಣ್ಣು ನಿನ್ನದು. ನಾಲ್ಕು ದಿನ ಎದುರೆದುರು ಕೂತು ಅಭ್ಯಾಸ ಮಾಡಿದರೆ ಏಳು ಅಂಕ ಯಾಕೆ ಬರುವುದಿಲ್ಲ ನೋಡೋಣ. ದೋಣಿಯವನ ಉತ್ತರವನ್ನೂ ನಿನಗೆ ಸರಿ ಕಂಡ ಹಾಗೆ ಬರೆ. ಐದು ಅಂಕ ಹೋದರೆ ಹೋಗಲಿ. ಉತ್ತರ ನೀನು ಹೇಳಿದ್ದೇ ಸರಿ.

ಫುಲ್‌ಸ್ಟಾಪ್ ಮನೆಗೆ ಫೋನ್ ಮಾಡಿ ರಜೆ ಕೇಳಿದೆ. "ಹೊಸಬರಿಗೆ ರಜೆ ಇಲ್ಲ ಮೇಡಂ. ಅಷ್ಟೇ" ಅಂದರು. "ಅಷ್ಟೇ ಅಲ್ಲ ಸಾರ್" ಎಂದು ಫೋನ್ ಇಟ್ಟೆ. ಕೆಲಸ ಉಳಿದರೆ ಉಳಿಯಲಿ. ಅತ್ತೆ ಆಗಲೇ ನನ್ನ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾರೆ. "ಅಕ್ಕನ್ನ ಬೈದು ಬರೆದವಳೇ ಹೋಗಿ ಸರಿ ಮಾಡ್ಬೇಕು, ಇನ್ನೇನು" ಅಂದರು. ಕಿವಿ ಡಾಕ್ಟರ ಬಳಿ ಬಂದ ದಿನವೇ ಹೋಗೋಣ, ಶುಕ್ರವಾರ ಅರ್ಜಿ ಕೊಡೋಣ. ಈ ಕಾಗದ ನನಗಿಂತ ಒಂದು ದಿನ ಮುಂಚೆ ನಿನ್ನ ಕೈ ಸೇರಬೇಕು.

ಸ್ಟೇಷನ್ನಿಗೆ ನೀನೇ ಬಾ. ಪ್ಲಾಟ್‌ಫಾರ್ಮಿನಲ್ಲಿ ಗದ್ದಲ ಇರುತ್ತದೆ. ನಾನು ಯಾವಾಗಲಿನ ಹಾಗೆ ಕಿಟಕಿಯಿಂದ 'ಅಕ್ಕಾ, ಅಕ್ಕಾ' ಎಂದು ಕೂಗುವುದಿಲ್ಲ. ಇಳಿದು ನಡೆದು ಬಂದು ನಿನ್ನ ಮುಖದ ಎದುರಿಗೆ ನಿಲ್ಲುತ್ತೇನೆ. ಗಡಿಯಾರದ ಕಂಬದ ಹತ್ತಿರ ಇರು: ಗುರುವಾರ, ಹತ್ತನೇ ತಾರೀಕು, ಬೆಳಿಗ್ಗೆ ಹತ್ತು ಇಪ್ಪತ್ತರ ಪ್ಯಾಸೆಂಜರ್.